ಮೊದಲು ಮಾತಾಡುವವನ ಪೇಚು

ಪ್ರಶ್ನೆ: ಪಂಚಮ್ಯಾಗ ಕಟ್ಟಿ ಮ್ಯಾಲೆ ಇಸ್ಪೀಟು ಆಡಾವ್ರು ನಾವು. ಪೋಕರ್‌ನಾಗ ಮೊದಲ ಮಾತಾಡಾವಗ ಯಾಕ ತ್ರಾಸರೀ?
– ಓದುಗರು, ನವಲಗುಂದ

ಉತ್ತರ: ಎಲ್ಲರಿಗೂ ಸೇರಿದ ನಡುವಿನ ಎಲೆ ಬಿಚ್ಚತೊಡಗಿದ ಮೇಲೆ ಮೂರು ಸುತ್ತು ಬಾಜಿ, ಮೂರರಲ್ಲೂ ಎದುರಿನವನ ನಡೆ ಕಾಣುವ ಮೊದಲೇ ನೀವು ಬಾಯಿ ಬಿಡಬೇಕು. ಕೈಯಲ್ಲಿ ಎಕ್ಕ-ಗುಲಾಮ, ನಡುವೆ ಇನ್ನೊಂದು ಎಕ್ಕ ಬಿತ್ತೆನ್ನಿ. ಚಂದದ ಜೋಡಿ, ಆದರೆ ಬಲು ಮೋಸದ್ದು, ಎದುರಿನವನದು ಇದಕ್ಕೂ ದೊಡ್ಡದಿರಬಹುದು! ಬಾಜಿ ಸೇರುವ ಕಣದಲ್ಲಿ 100 ಬಿಲ್ಲೆ ಇದ್ದು, ಪ್ರತಿ ಸುತ್ತಿಗೂ ಇಬ್ಬರೂ ಕಣದಷ್ಟೇ ಹಾಕಿದರೆ ಅದು 300, 900, ಕೊನೆಗೆ 2,700. ನಿಮ್ಮ ಪಾಲೇ 1,300! ನಿಮ್ಮ ಮುಂದಿರುವ ಬಿಲ್ಲೆಗಳ ರಾಶಿ ಸಣ್ಣದಿದ್ದರೆ ಇಷ್ಟು ಏಟು ಬೀಳುವುದೇ ಇಲ್ಲ. ಅದಕ್ಕೇ ಬಲ್ಲವರು ಇಲ್ಲಿ ಹಲವು ಸಲ ಬಾಜಿ ಕಟ್ಟದೆ ‘ಚೆಕ್’ ಎಂದು ಸುಮ್ಮನಾಗಿ, ಕಣ ಉಬ್ಬದಂತೆ ನೋಡಿಕೊಳ್ಳುತ್ತಾರೆ. ಕೊನೆಯ ಸುತ್ತಿನಲ್ಲಿ ಭಾರೀ ಬಾಜಿ ಬಂದರೆ ಎಕ್ಕವನ್ನೂ ಮಡಚಿಡುವುದುಂಟು. ನನಗಂತೂ ಅದು ಆಗದು, ಕೈ ತುರಿಸುತ್ತದೆ. ಹಣದ ಬದಲು ಹುಣಸೆಬೀಜ ಇಟ್ಟು ಆಡಿ ನೋಡಿ. ಹಣದ ಆನ್‌ಲೈನ್ ಆಟ ನಡೆಸುವುದನ್ನು 2025ರ ಕೇಂದ್ರ ಕಾಯ್ದೆ ನಿಷೇಧಿಸಿದೆ.