‘ಧರ್ಮವೀರ’: ಬಿರುದಿಗೆ ತಕ್ಕ ಬಾಳೇ?

ಮುಂಬೈ ಪಕ್ಕದ ಥಾಣೆಯ ಮಾಜಿವಾಡಾದಿಂದ ಸ್ಟೇಷನ್ ಕಡೆ ಬನ್ನಿ, ಟೆಂಭಿ ನಾಕಾ ಸಿಗುತ್ತದೆ. ಅಲ್ಲಿನ ಆನಂದಾಶ್ರಮದಲ್ಲಿ ಕೂತು ಥಾಣೆಯಲ್ಲಿ ಶಿವಸೇನೆಯನ್ನು ಬೆಳೆಸಿದ ನಾಯಕ ಆನಂದ ದಿಘೆ. ಅಭಿಮಾನಿಗಳ ಬಾಯಲ್ಲಿ ‘ಧರ್ಮವೀರ’. 2022ರಲ್ಲಿ ಅದೇ ಹೆಸರಿನ ಸಿನಿಮಾ ಕೂಡ ಬಂತು.

ಬಿರುದಿಗೆ ತಕ್ಕಂತೆ ಬಾಳಿದರೇ?

ಒಂದು ಕಡೆ, ಕಷ್ಟ ಹೇಳಿಕೊಂಡು ಬಂದವರಿಗೆ ಜನತಾ ದರ್ಬಾರು, ಊರೇ ಸೇರುವ ನವರಾತ್ರಿ ಉತ್ಸವ.

ಇನ್ನೊಂದು ಕಡೆ, 1989ರಲ್ಲಿ ಸ್ವಪಕ್ಷದ ಕಾರ್ಪೊರೇಟರ್ ಕೊಲೆ ಪ್ರಕರಣದಲ್ಲಿ ಭಯೋತ್ಪಾದನೆ ತಡೆಯ ಟಾಡಾ ಕಾಯ್ದೆಯಡಿ ಬಂಧನ, ಆಮೇಲೆ ಜಾಮೀನು. 2001ರ ಆಗಸ್ಟ್ 26ರಂದು ಅವರು ತೀರಿಕೊಂಡಾಗ ಬೆಂಬಲಿಗರು ಆಸ್ಪತ್ರೆಗೇ ಬೆಂಕಿಯಿಟ್ಟರು.

ನಮ್ಮ ಸಿದ್ಧಗಂಗೆಯ ಶಿವಕುಮಾರ ಸ್ವಾಮೀಜಿಯವರನ್ನೂ ಜನ ‘ನಡೆದಾಡುವ ದೇವರು’ ಎಂದರು. ಆ ಬಿರುದಿಗೆ ಸಾಕ್ಷಿ ಮಠದಲ್ಲಿ ಉಂಡು ಓದಿದ ಸಾವಿರಾರು ಮಕ್ಕಳು.

ಬಿರುದು ಕೊಡುವವರು ನಾವೇ. ಹಾಗಾಗಿ ಜೈಕಾರ ಹಾಕುವ ಮೊದಲು ಬದುಕಿನ ಎರಡೂ ಪುಟ ಓದಿ.