ಮೂರಕ್ಷರದ ಮಹಾಸಂಸಾರ

ಪರಭಾಷೆಯೊಂದನ್ನು ಕಲಿಯಹೊರಟವನು ಸಾಮಾನ್ಯವಾಗಿ ಅಂಜುವುದು ಉದ್ದುದ್ದನೆಯ ಪದಗಳಿಗೆ. ಆದರೆ ಇಂಗ್ಲಿಷಿನ ದೀರ್ಘಪದಗಳು ಬಹುಮಟ್ಟಿಗೆ ಯಾವುದಾದರೊಂದು ಶಾಸ್ತ್ರಕ್ಕೋ ವೃತ್ತಿಗೋ ಸೇರಿದವುಗಳಾಗಿದ್ದು, ಒಂದೆರಡು ಅರ್ಥಗಳಿಗೆ ನಿಷ್ಠವಾಗಿರುವುದರಿಂದ, ಒಮ್ಮೆ ನಿಘಂಟನ್ನು ತೆರೆದು ನೋಡಿಕೊಂಡರೆ ಅವುಗಳ ಕಾಟ ಅಲ್ಲಿಗೆ ತೀರುತ್ತದೆ. ನಿಜವಾದ ತೊಡಕಿರುವುದು ಶಿಶುವಿಹಾರದ ಮಗುವೂ ಉಚ್ಚರಿಸಬಲ್ಲ ಕಿರುಪದಗಳಲ್ಲಿ. ಅವುಗಳ ಪೈಕಿ, ಇಂಗ್ಲಿಷಿನಲ್ಲಿ ಬರೆದರೆ ಮೂರೇ ಅಕ್ಷರಗಳಾಗುವ ‘ಸೆಟ್’ ಎಂಬುದು ನಿಘಂಟುಕಾರರನ್ನು ಎರಡೂವರೆ ಶತಮಾನಗಳಿಂದ ದಣಿಸುತ್ತ ಬಂದಿದೆ.

೧೭೫೫ರಲ್ಲಿ ತನ್ನ ಸುಪ್ರಸಿದ್ಧ ನಿಘಂಟನ್ನು ಪ್ರಕಟಿಸಿದ ಸ್ಯಾಮ್ಯುಯೆಲ್ ಜಾನ್ಸನ್, ತನ್ನ ಶ್ರಮವನ್ನು ವಿಪರೀತವಾಗಿ ಹೆಚ್ಚಿಸಿದ ಕೆಲವು ಕ್ರಿಯಾಪದಗಳನ್ನು ಪೀಠಿಕೆಯಲ್ಲಿಯೇ ಹೆಸರಿಸಿ, ಅವುಗಳ ಅರ್ಥ ಸಡಿಲ, ಪ್ರಯೋಗ ಅನಿಶ್ಚಿತ ಎಂದು ದೂರಿಕೊಂಡಿದ್ದಾನೆ. ‘ಗೆಟ್’, ‘ಪುಟ್’, ‘ರನ್’, ‘ಟೇಕ್’ಗಳೊಡನೆ ‘ಸೆಟ್’ ಕೂಡ ಆ ಆರೋಪಿಗಳ ಸಾಲಿನಲ್ಲಿ ನಿಂತಿದೆ. ೧೮೮೪ರಿಂದ ಕಂತುಕಂತಾಗಿ ಹೊರಬಂದು ೧೯೨೮ರಲ್ಲಿ ಪೂರ್ಣಗೊಂಡ ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟು, ೧೯೮೯ರಲ್ಲಿ ಇಪ್ಪತ್ತು ಸಂಪುಟಗಳ ದ್ವಿತೀಯ ಆವೃತ್ತಿಯಾಗಿ ಮೈದಳೆದಾಗ, ಅದರಲ್ಲಿ ಅತ್ಯಂತ ದೀರ್ಘವಾದ ನಮೂದು ‘ಸೆಟ್’ ಎಂಬ ಕ್ರಿಯಾಪದದ್ದೇ ಆಗಿತ್ತು: ನಾನ್ನೂರ ಮೂವತ್ತರಷ್ಟು ಅರ್ಥಗಳು, ಅವುಗಳ ವಿವರಣೆಗೆ ಸುಮಾರು ೬೦,೦೦೦ ಪದಗಳು, ಒಂದು ಪುಟ್ಟ ಪುಸ್ತಕಕ್ಕೆ ಸಾಲುವಷ್ಟು ಸಾಮಗ್ರಿ. ಮೂರನೆಯ ಆವೃತ್ತಿಗಾಗಿ ಪದಗಳನ್ನು ಪುನಃ ಪರಿಶೀಲಿಸುತ್ತಿದ್ದಾಗ, ‘ರನ್’ ಎಂಬುದು ಈ ಹಿರಿತನವನ್ನು ಕಸಿದುಕೊಂಡಿತು. ಆ ಪದವೊಂದರ ಮೇಲೆಯೇ ಸುಮಾರು ಒಂಬತ್ತು ತಿಂಗಳು ದುಡಿದ ಪೀಟರ್ ಗಿಲಿವರ್ ಎಂಬ ನಿಘಂಟುಕಾರರು, ಅದರ ಕ್ರಿಯಾರೂಪಕ್ಕೇ ೬೪೫ ಅರ್ಥಗಳಿರುವುದನ್ನು ಗುರುತಿಸಿದರೆಂಬುದು ೨೦೧೧ರಲ್ಲಿ ಸುದ್ದಿಯಾಯಿತು. ಆದರೂ ‘ಸೆಟ್’ ಪದದ ಸ್ವಾರಸ್ಯ ಇದರಿಂದ ಕುಂದಿಲ್ಲ. ಏಕೆಂದರೆ ಅದರ ಅರ್ಥಗಳು ಬೆಳೆದ ದಾರಿಯನ್ನು ಕನ್ನಡಿಗನು ತನ್ನ ಮನೆಮಾತಿನ ಬೆಳಕಿನಲ್ಲಿಯೇ ಸ್ಪಷ್ಟವಾಗಿ ಕಾಣಬಹುದು.

ಹಳೆಯ ಇಂಗ್ಲಿಷಿನಲ್ಲಿ ‘ಸಿಟ್ಟನ್’ ಎಂದರೆ ಕುಳ್ಳಿರು. ಅದರ ಪ್ರೇರಣಾರ್ಥಕ ರೂಪವಾದ ‘ಸೆಟ್ಟನ್’ ಎಂದರೆ ಕುಳ್ಳಿರಿಸು. ಇಂದಿನ ‘ಸಿಟ್’ ಮತ್ತು ‘ಸೆಟ್’ಗಳು ಆ ಜೋಡಿಯ ಸಂತಾನ. ಇವೆರಡರ ಹಿಂದಿರುವ ಮೂಲಧಾತುವೇ ಸಂಸ್ಕೃತದಲ್ಲಿ ‘ಸದ್’ ಎಂದಾಗಿ ಉಳಿದು, ಸದನ, ಸಂಸತ್ತು, ಪರಿಷತ್ತು, ಉಪನಿಷತ್ತುಗಳಂತಹ ಗಂಭೀರ ಶಬ್ದಗಳಿಗೆ ಜನ್ಮವಿತ್ತಿರುವುದರಿಂದ, ಈ ಆಂಗ್ಲಪದವು ನಮ್ಮ ತತ್ಸಮ ಶಬ್ದಗಳಿಗೆ ದೂರದ ದಾಯಾದಿಯೇ ಸರಿ.

ಕುಳ್ಳಿರಿಸುವುದು ಎಂಬ ಈ ಒಂದು ಕ್ರಿಯೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಹೊರಟರೆ, ಅಸ್ತವ್ಯಸ್ತವೆಂದು ತೋರುತ್ತಿದ್ದ ಅರ್ಥರಾಶಿಯಲ್ಲಿ ಒಂದು ಕ್ರಮ ಗೋಚರಿಸತೊಡಗುತ್ತದೆ. ಅಕ್ಕಸಾಲಿಗನು ಉಂಗುರದಲ್ಲಿ ಹರಳು ಕೂರಿಸುವುದೂ, ವೈದ್ಯನು ಮುರಿದ ಮೂಳೆಯನ್ನು ಅದರ ಸ್ವಸ್ಥಾನಕ್ಕೆ ತರುವುದೂ, ರೈತನ ಹೆಂಡತಿ ಕೋಳಿಯನ್ನು ಕಾವಿಗೆ ಕೂರಿಸುವುದೂ ಇಂಗ್ಲಿಷಿನಲ್ಲಿ ‘ಸೆಟ್’. ಗಡಿಯಾರದ ಮುಳ್ಳನ್ನು ಸರಿಯಾದ ವೇಳೆಯ ಮೇಲೆ ನಿಲ್ಲಿಸುವುದು, ಬೋನನ್ನು ಒಡ್ಡುವುದು, ಊಟಕ್ಕೆ ಮೇಜನ್ನು ಅಣಿಗೊಳಿಸುವುದು, ಮುದ್ರಣಾಲಯದಲ್ಲಿ ಅಚ್ಚಿನ ಮೊಳೆಗಳನ್ನು ಜೋಡಿಸುವುದು ಇವೂ ಅದೇ. ವಸ್ತುಗಳಿಗೆ ಸಲ್ಲುವ ಮಾತು ಕ್ರಮೇಣ ಅಮೂರ್ತವಾದವಕ್ಕೂ ಸಲ್ಲತೊಡಗಿ, ಬೆಲೆ ನಿಗದಿ ಮಾಡುವುದು, ದಿನ ಗೊತ್ತುಪಡಿಸುವುದು, ಪ್ರಶ್ನೆಪತ್ರಿಕೆ ತಯಾರಿಸುವುದು, ಮೇಲ್ಪಂಕ್ತಿ ಹಾಕಿಕೊಡುವುದು, ಕವಿತೆಗೆ ರಾಗಸಂಯೋಜನೆ ಮಾಡುವುದು ಮೊದಲಾದ ವ್ಯಾಪಾರಗಳೆಲ್ಲ ಈ ಪದದ ಪರಿಧಿಯೊಳಗೆ ಬಂದುವು. ಹಲವೆಡೆ ಕುಳ್ಳಿರಿಸುವವನು ಮರೆಯಾಗಿ, ವಸ್ತು ತಾನೇ ಕುಳಿತುಕೊಳ್ಳುವ ಅರ್ಥವೂ ಬೆಳೆದಿದೆ: ಗಾರೆ ಗಟ್ಟಿಯಾದರೆ ‘ಸೆಟ್’, ಸೂರ್ಯನು ದಿಗಂತದಲ್ಲಿ ಇಳಿದರೆ ‘ಸೆಟ್’.

ಇದೇ ರೂಪದ ನಾಮಪದದ ಚರಿತ್ರೆ ಇನ್ನೂ ಕುತೂಹಲಕರವಾದುದು. ಸಮೂಹ ಎಂಬ ಅರ್ಥದ ‘ಸೆಟ್’, ಲ್ಯಾಟಿನ್ನಿನ ‘ಸೆಕ್ಟ’ ಎಂಬ ಪದವು ಹಳೆಯ ಫ್ರೆಂಚ್ ಭಾಷೆಯ ಮೂಲಕ ಇಂಗ್ಲೆಂಡನ್ನು ಸೇರಿದಾಗ ಪಡೆದ ರೂಪ. ಅನುಯಾಯಿವರ್ಗ, ಪಂಥ ಎಂಬುದು ಅದರ ಹಿಂದಿನ ಅರ್ಥ. ಬೇರೆ ಬೇರೆ ಮೂಲದಿಂದ ಬಂದ ಎರಡು ಪದಗಳು ಉಚ್ಚಾರಣೆಯಲ್ಲಿ ಒಂದಾಗಿ, ‘ಒಟ್ಟಾಗಿ ಇರಿಸಿದವು’ ಎಂಬ ಭಾವನೆಯಲ್ಲಿ ಪರಸ್ಪರ ಬೆರೆತುಹೋದುದರಿಂದ, ಪಿಂಗಾಣಿ ಬಟ್ಟಲುಗಳ ಜೋಡಣೆಗೂ, ಟೆನಿಸ್ ಪಂದ್ಯದ ಒಂದು ಭಾಗಕ್ಕೂ, ಗಣಿತಶಾಸ್ತ್ರಕ್ಕೂ ಅದು ಒದಗಿಬಂದಿತು. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಗಿಯೊರ್ಗ್ ಕ್ಯಾಂಟರ್ ಎಂಬ ಗಣಿತಜ್ಞನು ಜರ್ಮನ್ ಭಾಷೆಯಲ್ಲಿ ‘ಮೆಂಗೆ’ ಎಂದು ಕರೆದ ಪರಿಕಲ್ಪನೆಗೆ ಇಂಗ್ಲಿಷಿನಲ್ಲಿ ‘ಸೆಟ್’ ಎಂಬುದೇ ನಿಂತಿತು. ನಮ್ಮ ಪಠ್ಯಪುಸ್ತಕಗಳಲ್ಲಿ ಅದು ‘ಗಣ’ವಾಗಿದೆ.

ಇಷ್ಟಕ್ಕೇ ಮುಗಿಯುವುದಿಲ್ಲ. ಹಿಂದೆ ಬರುವ ಒಂದು ಚಿಕ್ಕ ಅವ್ಯಯ ಈ ಪದದ ದಿಕ್ಕನ್ನೇ ಬದಲಿಸಬಲ್ಲುದು. ‘ಸೆಟ್ ಔಟ್’ ಎಂದರೆ ಪ್ರಯಾಣ ಹೊರಡು. ‘ಸೆಟ್ ಅಪ್’ ಎಂದರೆ ಸ್ಥಾಪಿಸು. ‘ಸೆಟ್ ಇನ್’ ಎಂದರೆ ಮಳೆಯೋ ಚಳಿಯೋ ರೋಗವೋ ಹಿಡಿದು ನೆಲೆಯೂರು. ‘ಸೆಟ್ ಅಸೈಡ್’ ಎಂಬುದು ಅಡಿಗೆಮನೆಯಲ್ಲಿ ಪಾತ್ರೆಯನ್ನು ಬದಿಗಿಡುವ ಮಾತಾದರೆ, ಮೇಲಿನ ನ್ಯಾಯಾಲಯದಲ್ಲಿ ಕೆಳಗಿನ ನ್ಯಾಯಾಲಯದ ತೀರ್ಪನ್ನು ರದ್ದುಗೊಳಿಸುವ ಮಾತು. ‘ಸೆಟ್‌ಬ್ಯಾಕ್’ ಎಂಬುದು ಪತ್ರಿಕೆಯ ರಾಜಕೀಯ ಪುಟದಲ್ಲಿ ಹಿನ್ನಡೆ. ಬೆಂಗಳೂರಿನಲ್ಲಿ ಮನೆ ಕಟ್ಟಿಸುವವನಿಗೆ, ಕಟ್ಟಡದ ಸುತ್ತ ನಿಯಮಾನುಸಾರ ಬಿಡಲೇಬೇಕಾದ ತೆರವು. ಇದರ ಮೇಲೆ, ವರ್ತಮಾನಕಾಲ, ಭೂತಕಾಲ, ಕೃದಂತ ಈ ಮೂರರಲ್ಲಿಯೂ ರೂಪಭೇದವಿಲ್ಲದೆ ‘ಸೆಟ್’ ಎಂದೇ ನಿಲ್ಲುವುದು ಈ ಪದದ ಮತ್ತೊಂದು ಹಟ.

ಹೀಗಿದ್ದರೂ ಇಂಗ್ಲಿಷರು ಗೊಂದಲಕ್ಕೊಳಗಾಗುವುದಿಲ್ಲ. ಕ್ರಿಯೆಯ ಪಕ್ಕದಲ್ಲಿ ಗಡಿಯಾರವಿದ್ದರೆ ಒಂದು ಅರ್ಥ, ಹಡಗಿನ ಹಾಯಿಯಿದ್ದರೆ ಇನ್ನೊಂದು, ಬೆಂಕಿಯಿದ್ದರೆ ಮಗುದೊಂದು ಎಂಬುದನ್ನು ಅವರ ಕಿವಿಯೇ ನಿಶ್ಚಯಿಸುತ್ತದೆ. ನಾವೂ ಹಾಗೆಯೇ ಅಲ್ಲವೆ? ಅಂಗಿ ಹಾಕಿ, ಬಾಗಿಲಿಗೆ ಬೀಗ ಹಾಕಿ, ಕಚೇರಿಯಲ್ಲಿ ರುಜು ಹಾಕಿ, ಸಂಜೆ ಖರ್ಚಿನ ಲೆಕ್ಕ ಹಾಕುವ ಗೃಹಸ್ಥನಿಗೆ, ತಾನು ಒಂದೇ ಕ್ರಿಯಾಪದವನ್ನು ನಾಲ್ಕು ಬಗೆಯಾಗಿ ದುಡಿಸಿದೆನೆಂಬ ಅರಿವೇ ಇರುವುದಿಲ್ಲ. ಸುಣ್ಣ ಹೊಡೆಯುವುದು, ಗಾಡಿ ಹೊಡೆಯುವುದು, ಹರಟೆ ಹೊಡೆಯುವುದು ಇವುಗಳಲ್ಲಿ ಯಾರಿಗೂ ಏಟು ಬೀಳುವುದಿಲ್ಲವೆಂಬುದನ್ನು ನಮಗೆ ಯಾವ ವ್ಯಾಕರಣವೂ ಹೇಳಿಕೊಡಬೇಕಾಗಿಲ್ಲ.

ಇಂತಹ ಪದವು ಕನ್ನಡನಾಡಿಗೆ ಬಂದು ಸುಮ್ಮನಿರುವುದುಂಟೆ? ಹೋಟೆಲಿನಲ್ಲಿ ಎರಡು ಮೂರು ಮೆದುವಾದ ದೋಸೆಗಳು ಒಂದೇ ತಟ್ಟೆಯಲ್ಲಿ ಬಂದರೆ ಅದು ಸೆಟ್ ದೋಸೆ. ಬಾವಿಯ ನೀರನ್ನು ಗದ್ದೆಗೆ ಹಾಯಿಸುವ ಯಂತ್ರ ಪಂಪ್‌ಸೆಟ್, ವಿದ್ಯುತ್ ಕಚೇರಿಯ ಕಡತದಲ್ಲಿ ಐ.ಪಿ. ಸೆಟ್, ವೃದ್ಧರ ಕೃತಕದಂತಪಂಕ್ತಿ ಹಲ್ಲುಸೆಟ್, ಚಲನಚಿತ್ರದವರು ಕಟ್ಟುವ ಅರಮನೆಯೂ ಸೆಟ್. ಮಾತ್ರವಲ್ಲ, ನಮ್ಮ ‘ಆಗು’ವಿನೊಡನೆ ಕೂಡಿಕೊಂಡು ಅದು ಇಂಗ್ಲಿಷರಿಗೂ ಅಪರಿಚಿತವಾದ ಅರ್ಥವನ್ನು ಪಡೆದಿದೆ. ‘ಅವನಿಗೂ ನನಗೂ ಸೆಟ್ ಆಗುವುದಿಲ್ಲ’ ಎಂಬಲ್ಲಿರುವುದು ಮನೋಧರ್ಮಗಳ ಹೊಂದಾಣಿಕೆಯ ಮಾತು. ಆಕ್ಸ್‌ಫರ್ಡಿನ ಪಂಡಿತನಿಗೆ ಅದನ್ನು ವಿವರಿಸಬೇಕಾದವರು ನಾವು.

ಆದಕಾರಣ, ಒಂದು ಪದಕ್ಕೆ ಒಂದು ಸಮಾನಪದವೆಂಬ ಲೆಕ್ಕದಲ್ಲಿ ಪಟ್ಟಿ ಮಾಡಿ ಮಕ್ಕಳಿಂದ ಬಾಯಿಪಾಠ ಮಾಡಿಸುವ ಪದ್ಧತಿ ದೀರ್ಘಪದಗಳ ಮಟ್ಟಿಗೆ ಹೇಗೋ ಸಾಗಿದರೂ, ಕಿರುಪದಗಳ ವಿಷಯದಲ್ಲಿ ಪೂರ್ಣವಾಗಿ ವಿಫಲವಾಗುತ್ತದೆ. ಅವುಗಳನ್ನು ಅವುಗಳ ನೆರೆಹೊರೆಯೊಡನೆಯೇ, ಇಡಿಯ ವಾಕ್ಯದಲ್ಲಿಯೇ, ಮತ್ತೆ ಮತ್ತೆ ಓದಿ ಕೇಳಿ ಕಲಿಯಬೇಕು; ನಿಘಂಟನ್ನು ತೆರೆದಾಗ ಅರ್ಥಗಳಿಗಿಂತ ಉದಾಹರಣೆಗಳ ಕಡೆಗೆ ಹೆಚ್ಚು ಗಮನ ಕೊಡಬೇಕು. ‘ಸೆಟ್’ ಎಂದರೇನು ಎಂದು ಕೇಳಿದ ವಿದ್ಯಾರ್ಥಿಗೆ ಕೂಡಲೇ ಉತ್ತರವಿತ್ತುಬಿಡುವ ಅಧ್ಯಾಪಕನಿಗಿಂತ, ಅದು ಯಾವ ವಾಕ್ಯದಲ್ಲಿ ಬಂದಿದೆಯಪ್ಪಾ ಎಂದು ಮೊದಲು ಮರುಪ್ರಶ್ನೆ ಹಾಕುವವನೇ ಉತ್ತಮ ಅಧ್ಯಾಪಕ.