ಆಸ್ಟ್ರೇಲಿಯದ ಹಳ್ಳಿದಾರಿಯಲ್ಲಿ ಎರಡು ನಾಯಿಗಳೊಡನೆ

ಆಸ್ಟ್ರೇಲಿಯಕ್ಕೆ ಹೋಗಿ ಬಂದ ಸಂಗತಿಯನ್ನು ನಮ್ಮ ಪತ್ರಿಕೆಗೆ ಬರೆಯಿರೆಂದು ಸದಸ್ಯ ಬಾಂಧವರು ಹಲವು ಸಲ ಕೇಳಿದ್ದರು. ಸಂಘದ ಲೆಕ್ಕಪತ್ರದ ಕೆಲಸವಿದೆ, ಮಹಾಸಭೆಯ ಕೆಲಸವಿದೆ ಎಂದು ಮುಂದೂಡುತ್ತ ಬಂದೆವು. ನಿಜವಾದ ಕಾರಣ ಬೇರೆಯೇ ಇತ್ತು. ಅದು ಮುಂದೆ ಬರುತ್ತದೆ.

2024ರಲ್ಲಿ ಅಡಿಕೆಗೆ ಎರಡನೆಯ ಬೋರ್ಡೋ ಸಿಂಪಡಣೆ ಮುಗಿಸಿ, ಕೊನೆ ಕೊಯ್ಲು ಶುರುವಾಗುವುದರೊಳಗೆ ಮರಳಬೇಕೆಂದು ಲೆಕ್ಕ ಹಾಕಿ, ಸೆಪ್ಟೆಂಬರ್ ಕೊನೆಯಲ್ಲಿ ಮನೆಯವರೊಡನೆ ಸಿಡ್ನಿಗೆ ಹೊರಟೆವು. ಮಗ ಅಲ್ಲಿ ಎಂಜಿನಿಯರು. ಇಳಿಯುವ ಮೊದಲೇ ವಿಮಾನದಲ್ಲಿ ಒಂದು ಚೀಟಿ ತುಂಬಿಸಿಕೊಳ್ಳುತ್ತಾರೆ. ಬೀಜ, ಕಾಯಿ, ಗಿಡ, ಆಹಾರ ಏನಾದರೂ ಇದೆಯೇ, ಈಚೆಗೆ ಹೊಲ ತೋಟಗಳಲ್ಲಿ ಓಡಾಡಿದ್ದೀರಾ ಎಂಬ ಪ್ರಶ್ನೆಗಳು. ತೋಟದವನು ಇಲ್ಲವೆಂದು ಬರೆಯುವುದು ಹೇಗೆ? ಹೌದೆಂದು ಗುರುತು ಹಾಕಿದೆವು. ಅಧಿಕಾರಿ ನಮ್ಮ ಬೂಟು ತಿರುಗಿಸಿ ಅಟ್ಟೆಯಲ್ಲಿ ಮಣ್ಣಿದೆಯೇ ಎಂದು ನೋಡಿದರು. ಅಡಿಕೆಯನ್ನಂತೂ ಚೀಲದಲ್ಲಿ ತರಲೇಬೇಡಿರೆಂದು ಮಗ ಮೊದಲೇ ಎಚ್ಚರಿಸಿದ್ದ. ಹತ್ತು ದಿನ ಎಲೆಯಡಿಕೆ ಇಲ್ಲದೆ ನಮ್ಮ ಬಾಯಿ ಕೆಟ್ಟಿತ್ತೆಂಬುದು ಬೇರೆ ಮಾತು.

ಮಗನ ಮನೆಯಲ್ಲಿ ಎರಡು ನಾಯಿಗಳು. ಒಂದು ಗುಂಗುರು ಕೂದಲಿನ ಸಣ್ಣ ಬಿಳಿ ನಾಯಿ, ಹೆಸರು ಮುದ್ದಿ. ಇನ್ನೊಂದು ಕೆಲ್ಪಿ ಎಂಬ ಕುರಿ ಕಾಯುವ ತಳಿ, ಕಪ್ಪು ಮೈ. ಸ್ಕಾಟ್ಲೆಂಡಿನ ಕುರಿನಾಯಿಗಳ ಸಂತತಿಯಿಂದ ಆ ದೇಶದಲ್ಲೇ ರೂಪುಗೊಂಡ ಜಾತಿ ಇದು. ವಿಕ್ಟೋರಿಯ ಪ್ರಾಂತದ ಕ್ಯಾಸ್ಟರ್ಟನ್ ಎಂಬ ಊರು ತನ್ನನ್ನು ಇದರ ತವರೆಂದು ಕರೆದುಕೊಳ್ಳುತ್ತದೆ. ಮಗ ಇದಕ್ಕೆ ಇಟ್ಟ ಹೆಸರು ಕರಿಯ. ಅವನ ಬಾಲ್ಯದಲ್ಲಿ ನಮ್ಮ ಮನೆಯಲ್ಲಿದ್ದು ಚಿರತೆಯ ಪಾಲಾದ ನಾಯಿಯ ಹೆಸರು. ನಮಗೆ ಆ ಹೆಸರು ಕೇಳಿ ಗಂಟಲು ಕಟ್ಟಿತು, ಹೇಳಿಕೊಳ್ಳಲಿಲ್ಲ.

ಇಲ್ಲಿಂದ ನಾಯಿ ಒಯ್ಯಬಹುದೇ ಎಂದು ಕೇಳುವವರಿಗೆ ಒಂದು ಮಾತು. ಆಸ್ಟ್ರೇಲಿಯದಲ್ಲಿ ನಾಯಿಗಳ ಹುಚ್ಚುರೋಗವಿಲ್ಲ. ಆದಕಾರಣ ನಮ್ಮ ದೇಶದಿಂದ ನೇರವಾಗಿ ನಾಯಿಯನ್ನು ಬಿಟ್ಟುಕೊಳ್ಳುವುದಿಲ್ಲ. ಅವರು ಒಪ್ಪಿದ ಬೇರೊಂದು ದೇಶದಲ್ಲಿ ತಿಂಗಳುಗಟ್ಟಲೆ ಇರಿಸಿ, ಅಲ್ಲಿಂದ ಕರೆದೊಯ್ಯಬೇಕು.

ಮಗ ರಜೆ ಹಾಕಿ ಕ್ಯಾರವಾನ್ ಬಾಡಿಗೆಗೆ ಹಿಡಿದಿದ್ದ. ಕಾರಿನ ಹಿಂದೆ ಎಳೆದುಕೊಂಡು ಹೋಗುವ ಮನೆ ಇದು: ಎರಡು ಮಂಚ, ಗ್ಯಾಸ್ ಒಲೆ, ಫ್ರಿಜ್ಜು, ನೀರಿನ ತೊಟ್ಟಿ. ತೂಕ ಎರಡು ಟನ್ನಿನ ಹತ್ತಿರ. 750 ಕಿಲೋ ಮೀರಿದ ಯಾವ ಟ್ರೈಲರಿಗೂ ಅಲ್ಲಿ ಸ್ವಂತ ಬ್ರೇಕು ಇರಬೇಕೆಂಬುದು ಕಾನೂನು. ಹೊರಡುವ ಮುನ್ನ ಮಗ ಡಬ್ಬ, ಚೀಲಗಳನ್ನೆಲ್ಲ ಹಿಂಬದಿಯಿಂದ ತೆಗೆದು ಚಕ್ರದ ನೇರಕ್ಕೆ ಜೋಡಿಸಿದ. ಬಾಲಕ್ಕೆ ಭಾರ ಬಿದ್ದರೆ ವೇಗದಲ್ಲಿ ಗಾಡಿ ಹಾವಿನಂತೆ ತೊನೆಯುತ್ತದೆ, ಮುಂದಿನ ಕಾರನ್ನೂ ಎಳೆದು ಉರುಳಿಸುತ್ತದೆ ಎಂದ. ಟ್ರ್ಯಾಕ್ಟರಿಗೆ ಗೊಬ್ಬರ ಹೇರುವ ನಮ್ಮವರಿಗೂ ಇದು ತಿಳಿದ ವಿಷಯವೇ, ಪಾಲಿಸುವುದು ಅಪರೂಪ.

ಯೋಜನೆ ಇಷ್ಟು: ಸಿಡ್ನಿಯಿಂದ ಕಡಲ ಬದಿಯ ಹೆದ್ದಾರಿಯಲ್ಲಿ ದಕ್ಷಿಣಕ್ಕೆ ಬೇಗಾ ಪಟ್ಟಣದವರೆಗೆ, ಅಲ್ಲಿಂದ ಘಟ್ಟ ಹತ್ತಿ ಕೂಮಾ, ಆಮೇಲೆ ಗುಂಡಗೈ ಊರಿನ ಬಳಿ ಬುತ್ತಿಪೆಟ್ಟಿಗೆಯ ಮೇಲೆ ಕುಳಿತ ನಾಯಿಯ ಪ್ರತಿಮೆ ನೋಡಿ ಮರಳುವುದು. ಎತ್ತಿನ ಗಾಡಿಯ ಕಾಲದಲ್ಲಿ ಒಡೆಯನ ಬುತ್ತಿ ಕಾದ ನಾಯಿಯ ಕಥೆಯ ಮೇಲೆ ಮಾಡಿದ ಪ್ರತಿಮೆಯದು. 1932ರಲ್ಲಿ ದೇಶದ ಪ್ರಧಾನಿ ಜೋಸೆಫ್ ಲಯನ್ಸ್ ಅವರೇ ಬಂದು ಅನಾವರಣ ಮಾಡಿದ್ದರಂತೆ.

ನಾಯಿ ಜೊತೆಗಿದ್ದರೆ ದಾರಿಯನ್ನು ನಾಯಿಯೇ ನಿರ್ಧರಿಸುತ್ತದೆ. ರಾಷ್ಟ್ರೀಯ ಉದ್ಯಾನಗಳಲ್ಲಿ ನಾಯಿ ಇಳಿಸುವಂತಿಲ್ಲ. ಸರ್ಕಾರಿ ಮರಮಟ್ಟಿನ ಕಾಡುಗಳಲ್ಲಿ ಸಾಮಾನ್ಯವಾಗಿ ಅಡ್ಡಿಯಿಲ್ಲ. ಕಡಲ ತೀರದಲ್ಲಿ ಎಲ್ಲಿ, ಯಾವ ಹೊತ್ತಿಗೆ ಬಿಡಬಹುದೆಂದು ಫಲಕವಿರುತ್ತದೆ. ಇಷ್ಟೆಲ್ಲ ನಿರ್ಬಂಧದ ನಡುವೆ ನಮಗೆ ಆಸರೆಯಾದದ್ದು ಸಣ್ಣ ಊರುಗಳ ಪ್ರದರ್ಶನ ಮೈದಾನಗಳು. ವರ್ಷಕ್ಕೊಮ್ಮೆ ದನ, ಕುರಿ, ಬೆಳೆಗಳ ಪ್ರದರ್ಶನ ನಡೆಯುವ ಜಾಗ. ಉಳಿದ ದಿನ ಅಲ್ಪ ಶುಲ್ಕ ಕೊಟ್ಟು ಯಾರು ಬೇಕಾದರೂ ಗಾಡಿ ನಿಲ್ಲಿಸಿ ತಂಗಬಹುದು. ನಾವು ತಂಗಿದ ಒಂದು ಕಡೆ ವಸೂಲಿಗೆ ಜನವೇ ಇರಲಿಲ್ಲ. ಲಕೋಟೆಯಲ್ಲಿ ಹಣ ಹಾಕಿ ಡಬ್ಬಿಗೆ ಬಿಡಬೇಕು. ಬೇಗಾದ ಮೈದಾನದಲ್ಲಿ 2019-20ರ ಕಾಡ್ಗಿಚ್ಚಿನ ಸಮಯ ಊರು ಬಿಟ್ಟು ಓಡಿಬಂದವರು ಆಶ್ರಯ ಪಡೆದಿದ್ದರು. ನಮ್ಮಲ್ಲಿ ಸಂತೆಮಾಳಗಳನ್ನು ಹೀಗೆ ಉಳಿಸಿಕೊಂಡಿದ್ದೇವೆಯೇ ಎಂದು ಆ ರಾತ್ರಿ ನಮ್ಮ ಮನೆಯವರು ಕೇಳಿದರು.

ಬೇಗಾದ ಬಗ್ಗೆ ಸಹಕಾರಿಯಾದ ನಾವು ನಾಲ್ಕು ಸಾಲು ಬರೆಯದೆ ಮುಂದೆ ಹೋಗಲಾರೆವು. ಆ ಕಣಿವೆಯ ಹೈನುಗಾರರು 1899ರಲ್ಲಿ ಕಟ್ಟಿದ ಸಹಕಾರಿ ಬೆಣ್ಣೆ ಕಾರ್ಖಾನೆ ಬೆಳೆದು ಬೇಗಾ ಚೀಸ್ ಆಯಿತು. 2011ರಲ್ಲಿ ಅದರ ಷೇರುಗಳು ಪೇಟೆಗೆ ಬಂದವು. ಹಳೆಯ ರೈತ ಸದಸ್ಯರಿಗೆ ಇದರಿಂದ ಲಾಭವಾಯಿತೋ, ಕೈಯಲ್ಲಿದ್ದದ್ದು ಜಾರಿತೋ ಎಂದು ಮೈದಾನದಲ್ಲಿ ಸಿಕ್ಕ ಒಬ್ಬ ಮುದುಕರನ್ನು ಕೇಳಿದೆವು. ಅವರು ನಕ್ಕು, ತಮ್ಮ ಮನೆಯಲ್ಲೇ ಈ ಕುರಿತು ಎರಡು ಪಕ್ಷಗಳಿವೆ ಎಂದರು. ನಮ್ಮ ಮಹಾಸಭೆಯ ನೆನಪಾಯಿತು.

ಇನ್ನೊಂದು ಫಲಕವನ್ನು ಬೇಲಿಗಳ ಮೇಲೆ ಅಲ್ಲಲ್ಲಿ ಕಂಡೆವು: ಹತ್ತು-ಎಂಬತ್ತು ಎಂಬ ವಿಷ ಇಡಲಾಗಿದೆ, ನಾಯಿ ಬಿಡಬೇಡಿ ಎಂದು. ನರಿ ಮತ್ತು ಕಾಡುಬಿದ್ದ ನಾಯಿಗಳನ್ನು ಕೊಲ್ಲಲು ಮಾಂಸದ ತುಂಡಿನಲ್ಲಿ ಇಡುವ ವಿಷ ಅದು. ಸಾಕುನಾಯಿ ತಿಂದರೆ ಅದಕ್ಕೆ ಪ್ರತ್ಯೌಷಧವಿಲ್ಲ. ಇಡುವವನು ನೆರೆಯವರಿಗೆ ಮೊದಲೇ ತಿಳಿಸಬೇಕು, ಫಲಕ ಹಾಕಬೇಕು. ನಮ್ಮ ಕಡೆ ಹಂದಿಗೆಂದು ಯಾರು ಎಲ್ಲಿ ಏನು ಇಟ್ಟರೆಂಬುದು ಪಕ್ಕದ ಮನೆಯ ನಾಯಿ ಸತ್ತ ಮೇಲಷ್ಟೇ ಗೊತ್ತಾಗುತ್ತದೆ. ಆ ಫಲಕಗಳನ್ನು ಕಂಡಂದಿನಿಂದ ಮಗ ಎರಡೂ ನಾಯಿಗಳನ್ನು ಹಗ್ಗ ಬಿಚ್ಚದೆ ಓಡಾಡಿಸುತ್ತಿದ್ದ. ಅವನ ಎಚ್ಚರವೆಲ್ಲ ವಿಷದ ಕಡೆಗಿತ್ತು.

ಬೇಗಾ ತಲುಪುವ ಮೊದಲು ಕಡಲ ಬದಿಯ ಕಾಡಂಚಿನಲ್ಲಿ ಮೂರು ರಾತ್ರಿ ತಂಗಿದ್ದೆವು. ಅಲ್ಲಿ ಅದು ವಸಂತಕಾಲ, ಹುಲ್ಲು ಮೊಣಕಾಲುದ್ದ. ಮೂರನೆಯ ಸಂಜೆ ಕುರ್ಚಿ ಹಾಕಿಕೊಂಡು ಕುಳಿತು ಕರಿಯನ ಕುತ್ತಿಗೆ ಸವರುತ್ತಿರುವಾಗ ಕಿವಿಯ ಹಿಂದೆ ತೊಗರಿಕಾಳಿನಂಥದ್ದು ಬೆರಳಿಗೆ ಸಿಕ್ಕಿತು. ಉಣುಗು. ಕತ್ತಲಾಗಿತ್ತು. ನಮ್ಮ ಮನೆಯವರು, "ರೀ, ಹುಡುಗನಿಗೆ ಹೇಳಿ" ಎಂದರು. "ಉಣುಗು ತಾನೇ? ನಮ್ಮ ತೋಟದಲ್ಲಿ ದಿನಕ್ಕೆ ಹತ್ತು ಕೀಳುವುದಿಲ್ಲವೇ? ಬೆಳಿಗ್ಗೆ ನೋಡಿದರಾಯಿತು" ಎಂದೆವು. ಬೆಳಿಗ್ಗೆ ಕ್ಯಾರವಾನ್ ಕೊಕ್ಕೆಗೆ ಸಿಕ್ಕಿಸುವ ಗಡಿಬಿಡಿಯಲ್ಲಿ ಮರೆತೇ ಹೋಯಿತು.

ಬ್ರೌನ್ ಮೌಂಟನ್ ಘಟ್ಟದಲ್ಲಿ ಆಗುಂಬೆಯಷ್ಟು ತಿರುವುಗಳಿಲ್ಲ, ಆದರೆ ಏರು ಬಿರುಸು. ಹಿಂದೆ ಎರಡು ಟನ್ನು ಎಳೆಯುತ್ತ ಕಾರು ಏದುಸಿರು ಬಿಡುತ್ತಿತ್ತು. ಮೇಲೆ ಮರವಿಲ್ಲದ ಬೋಳು ಬಯಲು, ಚಳಿಗಾಳಿ. ಕೂಮಾ ದಾಟಿ ಒಂದು ಸಣ್ಣ ಊರಿನಲ್ಲಿ ರಾತ್ರಿ ತಂಗಿದೆವು. ಆ ಸಂಜೆ ಕರಿಯ ಯಾರನ್ನೋ ಕಂಡು ಬೊಗಳಿದಾಗ ದನಿ ಬೇರೆಯಾಗಿತ್ತು, ಶೀತವಾದವರಂತೆ ಒಡಕಾಗಿತ್ತು. ಚಳಿಗೆ ಎಂದುಕೊಂಡೆವು. ಬೆಳಿಗ್ಗೆ ಕ್ಯಾರವಾನಿನ ಮೆಟ್ಟಿಲು ಹತ್ತಲು ಹೋಗಿ ಹಿಂಗಾಲು ಕುಸಿದು ಕೂತುಬಿಟ್ಟಿತು. ಮತ್ತೆ ಎದ್ದಿತು, ಕುಡಿದವರ ಹಾಗೆ ಎರಡು ಹೆಜ್ಜೆ ಇಟ್ಟು ಬಿದ್ದಿತು.

ಮಗನ ಮುಖ ಬಿಳುಚಿತು. ನಮ್ಮ ಮನೆಯವರು ನೀರು ಕುಡಿಸಲು ಹೋದರೆ, "ಬೇಡ ಅಮ್ಮ, ನೀರೂ ಬೇಡ, ಏನೂ ಬೇಡ" ಎಂದು ತಡೆದ. ಗಂಟಲಿನ ಶಕ್ತಿ ಹೋಗಿರುವುದರಿಂದ ಕುಡಿಸಿದ ನೀರು ಶ್ವಾಸಕೋಶಕ್ಕೆ ಇಳಿಯುತ್ತದಂತೆ. ಕ್ಯಾರವಾನನ್ನು ಅಲ್ಲೇ ಕಳಚಿಟ್ಟು ಕೂಮಾಕ್ಕೆ ತಿರುಗಿ ಓಡಿದೆವು.

ಪಶುವೈದ್ಯೆ ಚಿಕ್ಕ ವಯಸ್ಸಿನವರು. ಕಿವಿಯ ಹಿಂದೆ ಕೂದಲು ಕತ್ತರಿಸಿದರು. ಅದೇ ಉಣುಗು, ರಕ್ತ ಹೀರಿ ಬೂದುನೀಲಿಯಾಗಿ ಊದಿಕೊಂಡಿತ್ತು. ಆ ದೇಶದ ಪೂರ್ವ ಕರಾವಳಿಯುದ್ದಕ್ಕೂ ಇರುವ ಪಾರ್ಶ್ವವಾಯು ಉಣುಗು ಎಂಬ ಜಾತಿ ಇದು. ನಮ್ಮಲ್ಲಿಯಂತೆ ರೋಗಾಣು ಹೊತ್ತು ತಂದು ಜ್ವರ ಬರಿಸುವುದಲ್ಲ. ಅದರ ಜೊಲ್ಲೇ ವಿಷ. ಕಚ್ಚಿ ಮೂರು ನಾಲ್ಕು ದಿನಕ್ಕೆ ಹಿಂಗಾಲು, ಆಮೇಲೆ ಮುಂಗಾಲು, ಕೊನೆಗೆ ಉಸಿರು. ಒಂದೇ ಒಂದು ಉಣುಗು ಸಾಕು. ಕಿತ್ತ ಮೇಲೂ ಒಂದೆರಡು ದಿನ ವಿಷ ಏರುತ್ತಲೇ ಇರಬಹುದು.

"ಇದನ್ನು ಮೊದಲು ಯಾವಾಗ ನೋಡಿದಿರಿ?" ಎಂದು ವೈದ್ಯೆ ಕೇಳಿದರು. ಮಗ, ಈಗಲೇ ನೋಡುತ್ತಿರುವುದು ಎಂದ. ನಾವು ಬಾಯಿ ಬಿಡಲೇಬೇಕಾಯಿತು. ಎರಡು ದಿನವಾಯಿತು ಎಂದೆವು. ಅವರು ಬರೆದುಕೊಂಡರು. ಮಗ ನಮ್ಮ ಕಡೆ ಒಮ್ಮೆ ನೋಡಿದ, ಏನೂ ಅನ್ನಲಿಲ್ಲ. ಅಂದಿದ್ದರೆ ಹಗುರವಾಗುತ್ತಿತ್ತು.

ಓದುಗರು ಗಮನಿಸಬೇಕು. ನಾವು ಮಂಗನ ಕಾಯಿಲೆಯ ಸೀಮೆಯವರು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಿದ ಆ ಕಾಯಿಲೆ ಉಣುಗಿನಿಂದಲೇ ಹಬ್ಬುವುದೆಂದೂ, ಸೊಪ್ಪಿಗೆ ಹೋಗುವಾಗ ಕೈಕಾಲಿಗೆ ಎಣ್ಣೆ ಸವರಿಕೊಳ್ಳಬೇಕೆಂದೂ, ಮರಳಿದ ಮೇಲೆ ಮೈ ಹುಡುಕಿ ನೋಡಿಕೊಳ್ಳಬೇಕೆಂದೂ ಇದೇ ಪುಟದಲ್ಲಿ ಎಷ್ಟೋ ಸಲ ಬರೆದವರು ನಾವೇ. ಉಣುಗಿನ ವಿಷಯದಲ್ಲಿ ಪರದೇಶದವರಿಂದ ಕಲಿಯಬೇಕಾದದ್ದು ಏನೂ ಇಲ್ಲವೆಂಬ ಜಂಬ ನಮ್ಮದಾಗಿತ್ತು.

ಆ ವಿಷಕ್ಕೆ ಪ್ರತಿಸೀರಂ ಇದೆ. ಈ ಉಣುಗುಗಳನ್ನು ಸಹಿಸಿಕೊಳ್ಳುವಂತೆ ಪಳಗಿಸಿದ ನಾಯಿಗಳ ರಕ್ತದಿಂದಲೇ ಅದನ್ನು ತಯಾರಿಸುತ್ತಾರೆ. ನರಕ್ಕೆ ನಿಧಾನವಾಗಿ ಹನಿಸಿದರು. ಇನ್ನೂ ಉಣುಗು ಅಡಗಿರಬಹುದೆಂದು ಇಡೀ ಮೈಯ ಕೂದಲು ಬೋಳಿಸಿದರು. ಕತ್ತಲು ಮಾಡಿದ ತಣ್ಣನೆಯ ಕೋಣೆಯಲ್ಲಿ ಮಲಗಿಸಿ, ಗದ್ದಲ ಮಾಡಬೇಡಿರೆಂದು ನಮ್ಮನ್ನು ಹೊರಗೆ ಕಳಿಸಿದರು. ತಿಂಗಳಿಗೊಮ್ಮೆ ಕೊಡುವ ಉಣುಗಿನ ಗುಳಿಗೆಯ ದಿನ ಮೀರಿತ್ತೆಂದೂ, ನಮ್ಮ ಬರವಿನ ಸಡಗರದಲ್ಲಿ ತನಗೂ ಮರೆತಿತ್ತೆಂದೂ ಮಗ ಆ ಸಂಜೆ ಹೇಳಿದ. ನಮ್ಮ ತಪ್ಪಿನ ಪಾಲು ಕಡಿಮೆ ಮಾಡಲೆಂದೇ ಹೇಳಿದ್ದೆಂದು ನಮಗೆ ಗೊತ್ತಿತ್ತು.

ಕೂಮಾದಲ್ಲಿ ನಾಲ್ಕು ದಿನ ಕಳೆದೆವು. 1949ರಿಂದ 1974ರವರೆಗೆ ಕಟ್ಟಿದ ಸ್ನೋಯಿ ಪರ್ವತಗಳ ಜಲವಿದ್ಯುತ್ ಯೋಜನೆಯ ಮುಖ್ಯ ಠಾಣೆ ಆ ಊರು. ನೋಡತಕ್ಕದ್ದು ಬೇಕಾದಷ್ಟಿದೆ. ನಾವು ಏನೂ ನೋಡಲಿಲ್ಲ. ಎರಡನೆಯ ರಾತ್ರಿ ಉಸಿರಾಟ ಕೆಟ್ಟಿದೆಯೆಂದು ಫೋನು ಬಂತು, ಆಮ್ಲಜನಕ ಕೊಟ್ಟರು. ಮುದ್ದಿಯೂ ಆ ಎರಡು ದಿನ ಅನ್ನ ಮುಟ್ಟಲಿಲ್ಲ. ಮೂರನೆಯ ದಿನ ಕರಿಯ ತಲೆ ಎತ್ತಿತು. ನಾಲ್ಕನೆಯ ದಿನ ನಿಂತಿತು. ಖರ್ಚು ಸಾವಿರ ಡಾಲರನ್ನು ಬಹಳವೇ ದಾಟಿತ್ತು. ಕೊಡುತ್ತೇವೆಂದರೆ ಮಗ ಕೇಳಲಿಲ್ಲ.

ಎರಡು ವಾರ ಓಡಿಸಬಾರದು, ಆಯಾಸ ಮಾಡಿಸಬಾರದೆಂದು ಅಪ್ಪಣೆಯಾದ್ದರಿಂದ ಗುಂಡಗೈಯ ನಾಯಿಪ್ರತಿಮೆ ನಮ್ಮ ಪಾಲಿಗೆ ಇಲ್ಲವಾಯಿತು. ಕ್ಯಾನ್‌ಬೆರಾ ಮೇಲೆ ನೇರವಾಗಿ ಸಿಡ್ನಿಗೆ ಬಂದೆವು. ದಾರಿಯುದ್ದಕ್ಕೂ ಕರಿಯ ಬೋಳು ಮೈಗೆ ಮಗನ ಹಳೆಯ ಸ್ವೆಟರು ತೊಟ್ಟು ಹಿಂದಿನ ಸೀಟಿನಲ್ಲಿ ನಮ್ಮ ತೊಡೆಯ ಮೇಲೆ ತಲೆಯಿಟ್ಟು ಮಲಗಿತ್ತು. ತಪ್ಪು ಯಾರದೆಂದು ಅದಕ್ಕೇನು ಗೊತ್ತು.

ಊರಿಗೆ ಮರಳಿದ ಮೇಲೆ ಮಗ ಭಾನುವಾರ ಫೋನು ಮಾಡಿದಾಗಲೆಲ್ಲ ಅದರ ಸುದ್ದಿ ಕೇಳುತ್ತಿದ್ದೆವು. ಉಣ್ಣುತ್ತದೆ, ನಡೆಯುತ್ತದೆ ಎನ್ನುತ್ತಿದ್ದ. ಬೊಗಳುವುದು ಮಾತ್ರ ನಮಗೆ ಕೇಳಿರಲಿಲ್ಲ. ಕೊನೆ ಕೊಯ್ಲು ಶುರುವಾದ ವಾರ ಮಾತಿನ ನಡುವೆ ಅವನ ಮನೆಯ ಬಾಗಿಲ ಗಂಟೆ ಬಾರಿಸಿತು. ಫೋನಿನಲ್ಲೇ ಕೇಳಿದೆವು. ಗಟ್ಟಿ ದನಿ, ಒಡಕಿಲ್ಲ.